ನಡುಗುವ ಕೈಯ ಸಾಕ್ಷಿ

1915ರ ಮೇ ತಿಂಗಳಲ್ಲಿ ಹ್ಯಾರಿ ಫಾರ್ ಎಂಬ ಬ್ರಿಟಿಷ್ ಸಿಪಾಯಿಯನ್ನು ಯುದ್ಧಭೂಮಿಯಿಂದ ಫ್ರಾನ್ಸಿನ ಬೂಲೋನ್ ಪಟ್ಟಣದ ಸೇನಾ ಆಸ್ಪತ್ರೆಗೆ ಸಾಗಿಸಿದರು. ಅವನ ಕಾಯಿಲೆಗೆ ಆಗಷ್ಟೇ ಒಂದು ಹೆಸರು ಹುಟ್ಟಿತ್ತು: ಶೆಲ್ ಶಾಕ್. ಐದು ತಿಂಗಳು ಆಸ್ಪತ್ರೆಯಲ್ಲಿದ್ದ. ಊರಿನಲ್ಲಿದ್ದ ಹೆಂಡತಿ ಗರ್ಟ್ರೂಡ್‌ಗೆ ಕಾಗದ ಬರೆಯಬೇಕೆಂದರೆ ಕೈ ನಡುಗಿ ಪೆನ್ನು ನಿಲ್ಲುತ್ತಿರಲಿಲ್ಲ. ಅವನು ಹೇಳಿದ್ದನ್ನು ನರ್ಸ್ ಒಬ್ಬಳು ಬರೆದು ಕಳಿಸುತ್ತಿದ್ದಳು. ಸ್ವಲ್ಪ ಸುಧಾರಿಸಿದ ಮೇಲೆ ಮತ್ತೆ ಯುದ್ಧಕ್ಕೆ ಕಳಿಸಿದರು. 1916ರ ಸೆಪ್ಟೆಂಬರಿನಲ್ಲಿ, ಸೊಮ್ ನದಿಯ ದಂಡೆಯ ಭೀಕರ ಕಾಳಗದ ನಡುವೆ, ಅವನು ಇನ್ನು ತನ್ನಿಂದ ಆಗದು ಎಂದ. ಮುಂದಿನ ಸಾಲಿಗೆ ಹೋಗಲು ಒಪ್ಪಲಿಲ್ಲ. ಕೋರ್ಟ್ ಮಾರ್ಷಲ್ ಸುಮಾರು ಇಪ್ಪತ್ತು ನಿಮಿಷ ನಡೆಯಿತು. ಅವನ ಪರವಾಗಿ ಮಾತಾಡಲು ಯಾರೂ ಇರಲಿಲ್ಲ. ಹೇಡಿತನದ ಅಪರಾಧಕ್ಕಾಗಿ ಅಕ್ಟೋಬರ್ 18ರ ಬೆಳಗಿನ ಜಾವ ಅವನನ್ನು ಗುಂಡಿಟ್ಟು ಕೊಂದರು. ಅವನಿಗೆ ಆಗ 25 ವರ್ಷ. ಮಗಳಿಗೆ ಮೂರು.

ಈ ಕತೆಯನ್ನು ಮೊದಲಿಗೆ ಹೇಳಿದ್ದಕ್ಕೆ ಕಾರಣವಿದೆ. ಇವತ್ತು 'ಒತ್ತಡ' ಎಂಬ ಪದ ನಮ್ಮ ಬಾಯಲ್ಲಿ ನೀರು ಕುಡಿದಷ್ಟು ಸಲೀಸು. ಪರೀಕ್ಷೆಯ ಒತ್ತಡ, ಕೆಲಸದ ಒತ್ತಡ, ಮನೆಸಾಲದ ಒತ್ತಡ. ವೈದ್ಯರು ರಕ್ತದೊತ್ತಡ ನೋಡಿ "ಟೆನ್ಷನ್ ಮಾಡ್ಕೋಬೇಡಿ" ಅನ್ನುತ್ತಾರೆ, ನಾವು ತಲೆಯಾಡಿಸಿ ಬರುತ್ತೇವೆ. ಆದರೆ ಮನಸ್ಸಿನ ಮೇಲೆ ಬಿದ್ದ ಭಾರ ಮೈಯಲ್ಲಿ ಕಾಯಿಲೆಯಾಗಿ ಕಾಣಿಸಿಕೊಳ್ಳುತ್ತದೆ ಎಂಬ ಈ ಸಾಮಾನ್ಯ ತಿಳಿವಳಿಕೆಗೆ ನೂರು ವರ್ಷದ ಜಗಳದ ಇತಿಹಾಸವಿದೆ. ಆ ಜಗಳ ಎರಡು ಪ್ರಶ್ನೆಗಳ ನಡುವಿನದು. ನಡುಗುವ ಮನುಷ್ಯನನ್ನು ಕಂಡಾಗ "ಏನು ಧಾಡಿ ಇವನಿಗೆ?" ಎಂದು ಕೇಳುವುದು ಒಂದು. "ಏನಾಯಿತು ಇವನಿಗೆ?" ಎಂದು ಕೇಳುವುದು ಇನ್ನೊಂದು. ಹ್ಯಾರಿ ಫಾರ್‌ನ ನ್ಯಾಯಾಧೀಶರು ಮೊದಲನೆಯದನ್ನು ಮಾತ್ರ ಕೇಳಿದರು.

ನಮ್ಮ ಭಾಷೆಗೆ ವಿಷಯ ಮೊದಲಿನಿಂದಲೂ ಗೊತ್ತಿತ್ತು ಎನ್ನಬೇಕು. ಕೆಟ್ಟ ಸುದ್ದಿ ಕೇಳಿದರೆ ಎದೆ ಝಲ್ಲೆನ್ನುತ್ತದೆ, ಬಾಯಿ ಒಣಗುತ್ತದೆ, ಜಂಘಾಬಲ ಉಡುಗುತ್ತದೆ, ಹೊಟ್ಟೆಯಲ್ಲಿ ಕಿವುಚಿದಂತಾಗುತ್ತದೆ. ಇವೆಲ್ಲ ಬರಿಯ ಅಲಂಕಾರದ ಮಾತುಗಳಲ್ಲ, ಮೈಯಲ್ಲಿ ನಡೆಯುವುದನ್ನು ಕಂಡು ಹೇಳಿದ ವರದಿಗಳು. ಚಿತೆ ಸತ್ತವರನ್ನು ಸುಟ್ಟರೆ ಚಿಂತೆ ಬದುಕಿದವರನ್ನು ಸುಡುತ್ತದೆ ಎಂದು ಹಿರಿಯರು ಹೇಳುತ್ತಲೇ ಬಂದರು. ಆದರೆ ಅದೇ ಹಿರಿಯರು ಕುಸಿದು ಕೂತವರಿಗೆ ಹೇಳುತ್ತಿದ್ದುದು "ಮನಸ್ಸು ಗಟ್ಟಿ ಮಾಡ್ಕೋ" ಎಂದೇ. ಭಾರ ಎಲ್ಲಿಂದ ಬಂತು ಎಂಬ ಮಾತು ಅಲ್ಲಿಗೆ ಮುಗಿದು, ಹೊರುವವನ ಬೆನ್ನಿನ ಬಲದ ಮಾತು ಶುರುವಾಗುತ್ತಿತ್ತು. ಪಶ್ಚಿಮದ ವಿಜ್ಞಾನವೂ ಇದೇ ಎರಡು ದಡಗಳ ನಡುವೆ ಹೊಯ್ದಾಡಿತು.

ಮೈಯೊಳಗೆ ಏನು ನಡೆಯುತ್ತದೆ ಎಂಬುದನ್ನು ಕಣ್ಣಾರೆ ಕಂಡವರಲ್ಲಿ ಮೊದಲಿಗರು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ವಾಲ್ಟರ್ ಕ್ಯಾನನ್. ಎಕ್ಸ್‌ರೇ ಕಂಡುಹಿಡಿದು ಒಂದೆರಡು ವರ್ಷವಾಗಿತ್ತಷ್ಟೆ. ಇನ್ನೂ ವಿದ್ಯಾರ್ಥಿಯಾಗಿದ್ದ ಕ್ಯಾನನ್ ಬೆಕ್ಕುಗಳಿಗೆ ಎಕ್ಸ್‌ರೇಯಲ್ಲಿ ಕಾಣುವಂಥ ಪದಾರ್ಥ ಬೆರೆಸಿದ ಆಹಾರ ತಿನ್ನಿಸಿ, ಹೊಟ್ಟೆ ಅದನ್ನು ಹೇಗೆ ಅರೆಯುತ್ತದೆ ಎಂದು ನೋಡುತ್ತಿದ್ದರು. ಅಲೆಯಲೆಯಾಗಿ ನಡೆಯುತ್ತಿದ್ದ ಹೊಟ್ಟೆಯ ಚಲನೆ ಒಮ್ಮೊಮ್ಮೆ ಥಟ್ಟನೆ ನಿಂತುಬಿಡುತ್ತಿತ್ತು. ನೋಡಿದರೆ, ಬೆಕ್ಕು ಗಾಬರಿಯಾದಾಗ ಹಾಗಾಗುತ್ತಿತ್ತು. ಬೆಕ್ಕು ಸಮಾಧಾನಗೊಂಡ ಮೇಲೆ ಹೊಟ್ಟೆ ಮತ್ತೆ ಕೆಲಸ ಶುರುಮಾಡುತ್ತಿತ್ತು. ಭಯ ಹೊಟ್ಟೆಯನ್ನು ನಿಲ್ಲಿಸುತ್ತದೆ ಎಂಬುದು ಇನ್ನು ಗಾದೆಯಾಗಿ ಉಳಿಯಲಿಲ್ಲ, ಕಣ್ಣಿಗೆ ಕಾಣುವ ನೆರಳಾಯಿತು.

ಅಲ್ಲಿಂದ ಸುಮಾರು ಹದಿನೆಂಟು ವರ್ಷ ಅವರು ಅದೇ ಜಾಡು ಹಿಡಿದು ಹೋದರು. ಮೂತ್ರಪಿಂಡಗಳ ತಲೆಯ ಮೇಲೆ ಪುಟ್ಟ ಟೋಪಿಯ ಹಾಗೆ ಕೂತಿರುವ ಅಡ್ರಿನಲ್ ಗ್ರಂಥಿಗಳು ಅಪಾಯದ ಹೊತ್ತಿನಲ್ಲಿ ಅಡ್ರಿನಲಿನ್ ಎಂಬ ರಸವನ್ನು ರಕ್ತಕ್ಕೆ ಸುರಿಯುತ್ತವೆ. ಎದೆಬಡಿತ ಏರುತ್ತದೆ. ಯಕೃತ್ತು ತನ್ನಲ್ಲಿ ಕೂಡಿಟ್ಟ ಸಕ್ಕರೆಯನ್ನು ಬಿಡುಗಡೆ ಮಾಡುತ್ತದೆ. ಹೊಟ್ಟೆ, ಕರುಳಿಗೆ ಹೋಗುವ ರಕ್ತ ಕೈಕಾಲಿನ ಸ್ನಾಯುಗಳ ಕಡೆ ತಿರುಗುತ್ತದೆ. ಗಾಯವಾದರೆ ಬೇಗ ನಿಲ್ಲಲಿ ಎಂಬಂತೆ ರಕ್ತ ಹೆಪ್ಪುಗಟ್ಟುವ ವೇಗವೂ ಹೆಚ್ಚುತ್ತದೆ. ಇಷ್ಟೂ ತಯಾರಿ ಎರಡೇ ಕೆಲಸಗಳಿಗೆ: ಹೊಡೆದಾಡು, ಇಲ್ಲವೇ ಓಡು. ಕ್ಯಾನನ್ ಇದನ್ನೆಲ್ಲ ಪುಸ್ತಕವಾಗಿ ಪ್ರಕಟಿಸಿದ್ದು 1915ರಲ್ಲಿ, ಬೂಲೋನ್‌ನಲ್ಲಿ ಹ್ಯಾರಿ ಫಾರ್‌ನ ಕೈ ನಡುಗುತ್ತಿದ್ದ ಅದೇ ವರ್ಷದಲ್ಲಿ. ಆದರೆ ಕಂದಕದಲ್ಲಿ ಕೂತ ಸಿಪಾಯಿಗೆ ಈ ಎರಡರಲ್ಲಿ ಒಂದಕ್ಕೂ ದಾರಿಯಿರಲಿಲ್ಲ. ಮೈಲಿಗಳಾಚೆಯಿಂದ ಬಂದು ಬೀಳುವ ಶೆಲ್ಲಿನ ಜೊತೆ ಹೊಡೆದಾಡುವುದು ಹೇಗೆ? ಓಡಿದರೆ ತನ್ನವರದೇ ಗುಂಡು. ಮೈ ಎಲ್ಲ ತಯಾರಿ ಮಾಡಿಕೊಂಡು ಗಂಟೆಗಟ್ಟಲೆ, ದಿನಗಟ್ಟಲೆ ಅಲ್ಲೇ ಕೂರಬೇಕು.

ಅಂಥವರು ಆಸ್ಪತ್ರೆಗೆ ಬರತೊಡಗಿದರು. ಕೆಲವರಿಗೆ ಮಾತು ನಿಂತಿತ್ತು, ಕೆಲವರಿಗೆ ಕಣ್ಣು ಕಾಣುತ್ತಿರಲಿಲ್ಲ, ಕೆಲವರ ಕಾಲು ಸ್ವಾಧೀನ ತಪ್ಪಿತ್ತು. ಪರೀಕ್ಷಿಸಿದರೆ ಕಣ್ಣಿನಲ್ಲಾಗಲಿ ಗಂಟಲಿನಲ್ಲಾಗಲಿ ಕಾಲಿನಲ್ಲಾಗಲಿ ಊನವಿಲ್ಲ. ಚಾರ್ಲ್ಸ್ ಮೈಯರ್ಸ್ ಎಂಬ ವೈದ್ಯ 1915ರ ಫೆಬ್ರವರಿಯಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಇಂಥ ಮೂವರ ಬಗ್ಗೆ ಬರೆದು, ಸೈನಿಕರ ಬಾಯಲ್ಲಿದ್ದ ಶೆಲ್ ಶಾಕ್ ಎಂಬ ಮಾತನ್ನು ವೈದ್ಯಶಾಸ್ತ್ರಕ್ಕೆ ತಂದರು. ಶೆಲ್ ಹತ್ತಿರದಲ್ಲಿ ಸಿಡಿದಾಗ ಮಿದುಳಿಗೆ ಪೆಟ್ಟಾಗಿರಬಹುದು ಎಂಬುದು ಮೊದಲಿನ ಊಹೆ. ಆದರೆ ಶೆಲ್ ಹತ್ತಿರ ಸುಳಿಯದವರಲ್ಲೂ ಇದೇ ಲಕ್ಷಣಗಳು ಕಾಣಿಸಿದಾಗ ಊಹೆ ಕುಸಿಯಿತು. ಇದು ಮನಸ್ಸಿನ ಗಾಯವಿರಬೇಕು ಎಂದು ಮೈಯರ್ಸ್‌ಗೆ ಹೊಳೆಯಿತು.

ಸೇನೆಗೆ ಈ ಉತ್ತರ ಹಿಡಿಸಲಿಲ್ಲ. ಮನಸ್ಸಿಗೂ ಗಾಯವಾಗುತ್ತದೆ ಎಂದು ಒಪ್ಪಿದರೆ ಯಾರನ್ನು ಯುದ್ಧಕ್ಕೆ ಕಳಿಸುವುದು? ಅದಕ್ಕಾಗಿ ಒಂದು ಲೆಕ್ಕದ ಉಪಾಯ ಹೂಡಿದರು. ಶತ್ರುವಿನ ಶೆಲ್ಲಿನಿಂದಲೇ ಆದದ್ದು ಎಂದು ಸಾಬೀತಾದರೆ ರೋಗಿಯ ಚೀಟಿಯ ಮೇಲೆ 'ಗಾಯಾಳು' ಎಂಬ ಅರ್ಥದ ಅಕ್ಷರ, ಇಲ್ಲವಾದರೆ 'ಕಾಯಿಲೆ' ಎಂಬ ಅರ್ಥದ ಅಕ್ಷರ. ಗಾಯಾಳುವಿಗೆ ತೋಳಿನ ಮೇಲೆ ಗೌರವದ ಪಟ್ಟಿಯುಂಟು, ಪಿಂಚಣಿಯ ಹಕ್ಕುಂಟು. ಕಾಯಿಲೆಯವನಿಗೆ ಎರಡೂ ಇಲ್ಲ. ಕೊನೆಗೆ 1917ರ ಹೊತ್ತಿಗೆ ಶೆಲ್ ಶಾಕ್ ಎಂಬ ಪದವನ್ನೇ ದಾಖಲೆಗಳಲ್ಲಿ ಬರೆಯಕೂಡದು ಎಂದು ಆಜ್ಞೆಯಾಯಿತು. ಬದಲಿಗೆ 'ಇನ್ನೂ ರೋಗನಿರ್ಣಯವಾಗಿಲ್ಲ, ನರಸಂಬಂಧಿ' ಎಂದು ಬರೆಯಬೇಕು. ಹೆಸರು ತೆಗೆದುಹಾಕಿದರೆ ನೋವೂ ಹೋಗುತ್ತದೆ ಎಂಬ ನಂಬಿಕೆ ಸರ್ಕಾರಗಳಿಗೆ ಆಗಲೂ ಇತ್ತು.

ಈ ಅನುಮಾನದ ಬಿಸಿ ಭಾರತದ ಸಿಪಾಯಿಗಳಿಗೂ ತಟ್ಟಿತು. 1914ರ ಶರತ್ಕಾಲದಿಂದ ಲಕ್ಷಕ್ಕೂ ಮೀರಿದ ಭಾರತೀಯರು ಫ್ರಾನ್ಸ್, ಬೆಲ್ಜಿಯಂಗಳ ಚಳಿಯಲ್ಲಿ, ತಮ್ಮದಲ್ಲದ ಯುದ್ಧದಲ್ಲಿ ನಿಂತಿದ್ದರು. ಅವರಲ್ಲಿ ಅನೇಕರು ಕೈಗೆ ಗಾಯವಾಗಿ ಆಸ್ಪತ್ರೆ ಸೇರುತ್ತಿದ್ದುದನ್ನು ಕಂಡ ಅಧಿಕಾರಿಗಳು, ಯುದ್ಧ ತಪ್ಪಿಸಿಕೊಳ್ಳಲು ಇವರು ತಾವೇ ಗುಂಡು ಹೊಡೆದುಕೊಳ್ಳುತ್ತಿದ್ದಾರೆ ಎಂದರು. ಇಂಗ್ಲೆಂಡಿನ ಬ್ರೈಟನ್ ಪಟ್ಟಣದಲ್ಲಿ ಭಾರತೀಯ ಗಾಯಾಳುಗಳಿಗಾಗಿ ತೆರೆದಿದ್ದ ಕಿಚನರ್ ಆಸ್ಪತ್ರೆಯ ಮುಖ್ಯಸ್ಥ ಕರ್ನಲ್ ಬ್ರೂಸ್ ಸೀಟನ್ ಈ ಮಾತನ್ನು ಹಾಗೇ ಒಪ್ಪಲಿಲ್ಲ. 1000 ಗಾಯಗಳನ್ನು ಒಂದೊಂದಾಗಿ ಪರಿಶೀಲಿಸಿದರು. ಅಂಥ ಆರೋಪಕ್ಕೆ ಆಧಾರವಿಲ್ಲ ಎಂಬುದು ಅವರು ಕಂಡುಕೊಂಡ ಸತ್ಯ. ಕಣ್ಣಿಗೆ ಕಾಣುವ, ರಕ್ತ ಸುರಿಯುವ ಗಾಯವನ್ನೇ ನಂಬದ ಕಾಲದಲ್ಲಿ ಕಾಣದ ಗಾಯವನ್ನು ನಂಬುವವರು ಯಾರು?

ಆದರೂ ನಂಬಿದವರೊಬ್ಬರಿದ್ದರು. ಅವರಿಗೂ ನಮ್ಮ ನೆರೆಯ ನೀಲಗಿರಿಗೂ ನಂಟಿದೆ. ಡಬ್ಲ್ಯು.ಎಚ್.ಆರ್. ರಿವರ್ಸ್ ವೈದ್ಯರಾಗಿದ್ದಷ್ಟೇ ಮಾನವಶಾಸ್ತ್ರಜ್ಞರೂ ಹೌದು. 1901–02ರಲ್ಲಿ ನೀಲಗಿರಿಯ ತೋಡರ ನಡುವೆ ಇದ್ದು, ಅವರ ಎಮ್ಮೆ, ಹಾಲುಮನೆ, ನೆಂಟಸ್ತಿಕೆ, ಸಾವಿನ ವಿಧಿಗಳ ಬಗ್ಗೆ ಕೇಳಿ ಕೇಳಿ ಬರೆದುಕೊಂಡಿದ್ದರು. ಅದೇ 1906ರಲ್ಲಿ ದೊಡ್ಡ ಗ್ರಂಥವಾಗಿ ಹೊರಬಂತು. ಒಬ್ಬೊಬ್ಬರ ಮುಂದೆಯೂ ಕೂತು ಅವರ ವಂಶಾವಳಿಯನ್ನು ಬಿಡಿಸಿ ಕೇಳುವುದು ಅವರ ಕ್ರಮವಾಗಿತ್ತು. ಮಹಾಯುದ್ಧದ ಕಾಲಕ್ಕೆ ಅವರು ಸ್ಕಾಟ್ಲೆಂಡಿನ ಎಡಿನ್‌ಬರೋ ಬಳಿಯ ಕ್ರೇಗ್‌ಲಾಕ್‌ಹಾರ್ಟ್ ಆಸ್ಪತ್ರೆಯಲ್ಲಿ ಶೆಲ್ ಶಾಕ್ ಆದ ಸೇನಾಧಿಕಾರಿಗಳನ್ನು ನೋಡಿಕೊಂಡರು. ಕವಿ ಸೀಗ್‌ಫ್ರೀಡ್ ಸಸೂನ್ 1917ರಲ್ಲಿ ಅವರ ರೋಗಿಯಾಗಿದ್ದರು. ಮತ್ತೊಬ್ಬ ಕವಿ ವಿಲ್‌ಫ್ರೆಡ್ ಓವೆನ್ ಅದೇ ಹೊತ್ತಿನಲ್ಲಿ ಅಲ್ಲಿದ್ದರು.

ಆಗಿನ ರೂಢಿಯ ಉಪದೇಶ ಇವತ್ತಿನದೇ: ಆದದ್ದನ್ನು ಮರೆತುಬಿಡು, ಬೇರೆ ಕಡೆ ಮನಸ್ಸು ಹಾಕು. ರಿವರ್ಸ್ ಕಂಡದ್ದು ತದ್ವಿರುದ್ಧ. ಹಗಲೆಲ್ಲ ಕಷ್ಟಪಟ್ಟು ಮರೆತವನಿಗೆ ರಾತ್ರಿ ಅದೇ ಕನಸಾಗಿ ಬಂದು ಬೆವರಿಳಿಸುತ್ತಿತ್ತು. ಕಂಡದ್ದನ್ನು ತನ್ನದೇ ಮಾತಿನಲ್ಲಿ, ಕೇಳುವವರ ಮುಂದೆ ಹೇಳಿಕೊಂಡವನು ನಿಧಾನವಾಗಿ ನಿದ್ದೆ ಮಾಡತೊಡಗುತ್ತಿದ್ದ. ಯುದ್ಧದ ಅನುಭವವನ್ನು ಅದುಮಿಡುವುದೇ ರೋಗವನ್ನು ಬೆಳೆಸುತ್ತದೆ ಎಂದು ಅವರು 1917ರ ಕೊನೆಯಲ್ಲಿ ಲಂಡನ್ನಿನ ವೈದ್ಯರ ಸಭೆಯಲ್ಲಿ ಪ್ರಬಂಧ ಓದಿದರು. ಎಲ್ಲವನ್ನೂ ಸದಾ ಕೆದಕುತ್ತಿರಬೇಕು ಎಂದೂ ಅವರು ಹೇಳಲಿಲ್ಲ. ಅದುಮಿಡುವುದಕ್ಕೂ ಅದರಲ್ಲೇ ಮುಳುಗುವುದಕ್ಕೂ ನಡುವೆ ಎದುರುಗೊಳ್ಳುವುದು ಎಂಬ ಒಂದು ದಾರಿಯಿದೆ ಎಂದರು.

ಅದೇ ದಿನಗಳಲ್ಲಿ ಲಂಡನ್ನಿನ ಇನ್ನೊಂದು ಆಸ್ಪತ್ರೆಯಲ್ಲಿ ಲೂಯಿಸ್ ಯೀಲ್ಯಾಂಡ್ ಎಂಬ ವೈದ್ಯ, ಮಾತು ನಿಂತ ಸಾಮಾನ್ಯ ಸಿಪಾಯಿಗಳನ್ನು ಕೋಣೆಯಲ್ಲಿ ಕೂಡಿಹಾಕಿ, ಮಾತಾಡುವವರೆಗೂ ಗಂಟಲಿಗೆ ವಿದ್ಯುತ್ ಹರಿಸುತ್ತಿದ್ದರು. ಅದನ್ನು ಹೆಮ್ಮೆಯಿಂದ ಪುಸ್ತಕವಾಗಿಯೂ ಪ್ರಕಟಿಸಿದರು. ಅಧಿಕಾರಿಗೆ ಸಂಭಾಷಣೆ, ಸಿಪಾಯಿಗೆ ವಿದ್ಯುತ್ತು. ಕಾಯಿಲೆ ಒಂದೇ ಆದರೂ ಚಿಕಿತ್ಸೆಗೆ ದರ್ಜೆಯಿತ್ತು. ಈ ದರ್ಜೆಯ ಮಾತು ಮುಂದೆ ಮತ್ತೆ ಬರಲಿದೆ.

ರಿವರ್ಸ್ ಗಮನಿಸಿದ ಇನ್ನೊಂದು ಸಂಗತಿ ಆ ಕಾಲಕ್ಕೆ ಅಷ್ಟಾಗಿ ಯಾರ ಕಣ್ಣಿಗೂ ಬೀಳಲಿಲ್ಲ. ಆಮೇಲೆ ಅವರು ವಾಯುಪಡೆಯವರ ನಡುವೆ ಕೆಲಸ ಮಾಡಿದರು. ಆಗಿನ ವಿಮಾನಗಳಲ್ಲಿ ಹಾರುವುದೆಂದರೆ ಸಾವಿನ ಜೊತೆ ಸರಸ. ಆದರೂ ವಿಮಾನ ನಡೆಸುವ ಪೈಲಟ್‌ಗಳಿಗಿಂತ, ಹಗ್ಗ ಕಟ್ಟಿ ಆಕಾಶಕ್ಕೆ ಬಿಟ್ಟ ಬಲೂನಿನ ಬುಟ್ಟಿಯಲ್ಲಿ ಕೂತು ಶತ್ರುವನ್ನು ನೋಡುತ್ತಿರಬೇಕಾದವರಲ್ಲಿ ಮನಸ್ಸು ಕುಸಿಯುವುದು ಹೆಚ್ಚಾಗಿತ್ತು. ಪೈಲಟ್‌ಗೆ ಅಪಾಯ ಬಂದರೆ ಮಾಡಲು ಏನೋ ಇರುತ್ತದೆ: ತಿರುಗಿಸು, ಏರಿಸು, ಇಳಿಸು. ಬಲೂನಿನಲ್ಲಿದ್ದವನು ಕೂತಲ್ಲೇ ಕೂತು ಕಾಯಬೇಕು. ಅಪಾಯ ಎಷ್ಟು ದೊಡ್ಡದು ಎನ್ನುವುದೊಂದೇ ಮನುಷ್ಯನನ್ನು ಮುರಿಯುವುದಿಲ್ಲ, ಅದರ ಎದುರು ಕೈಕಟ್ಟಿ ಕೂರಬೇಕಾದ ಸ್ಥಿತಿ ಹೆಚ್ಚು ಮುರಿಯುತ್ತದೆ ಎಂಬ ಸುಳಿವು ಅಲ್ಲಿತ್ತು. ಅದು ನಿಜವೆಂದು ತೋರಿಸಲು ಇನ್ನೂ ಅರ್ಧ ಶತಮಾನ ಬೇಕಾಯಿತು.

ಈ ನಡುವೆ 'ಒತ್ತಡ' ಎಂಬ ಪದವೇ ವೈದ್ಯಶಾಸ್ತ್ರಕ್ಕೆ ಬಂತು. ಅದನ್ನು ಮನೆಮಾತು ಮಾಡಿದವರು ಹ್ಯಾನ್ಸ್ ಸೆಲ್ಯೆ. 1907ರಲ್ಲಿ ವಿಯೆನ್ನಾದಲ್ಲಿ ಹುಟ್ಟಿ, ಪ್ರಾಗ್‌ನಲ್ಲಿ ವೈದ್ಯಕೀಯ ಓದಿದವರು. ವಿದ್ಯಾರ್ಥಿಯಾಗಿದ್ದಾಗ ಪ್ರಾಧ್ಯಾಪಕರು ಬೇರೆ ಬೇರೆ ಸೋಂಕಿನ ರೋಗಿಗಳನ್ನು ತೋರಿಸಿ, ಒಂದೊಂದರ ವಿಶೇಷ ಲಕ್ಷಣವನ್ನು ವಿವರಿಸುತ್ತಿದ್ದರಂತೆ. ಸೆಲ್ಯೆಗೆ ಕಂಡದ್ದು ಬೇರೆ: ಇವರೆಲ್ಲರಲ್ಲೂ ಸಾಮಾನ್ಯವಾದದ್ದೊಂದಿದೆ, ಎಲ್ಲರೂ ಬಳಲಿದ್ದಾರೆ, ಯಾರಿಗೂ ಊಟ ಸೇರುತ್ತಿಲ್ಲ. ಅದನ್ನೇಕೆ ಯಾರೂ ಓದುತ್ತಿಲ್ಲ?

ಹತ್ತು ವರ್ಷದ ನಂತರ ಕೆನಡಾದ ಮಾಂಟ್ರಿಯಲ್‌ನಲ್ಲಿ ಹೊಸ ಹಾರ್ಮೋನ್ ಹುಡುಕುತ್ತ, ಹಸುವಿನ ಅಂಡಾಶಯದ ಸಾರವನ್ನು ಇಲಿಗಳಿಗೆ ಚುಚ್ಚಿದರು. ಕೊಯ್ದು ನೋಡಿದರೆ ಅಡ್ರಿನಲ್ ಗ್ರಂಥಿ ಊದಿತ್ತು, ರೋಗನಿರೋಧಕ ಶಕ್ತಿಗೆ ಬೇಕಾದ ಥೈಮಸ್ ಗ್ರಂಥಿ ಕುಗ್ಗಿತ್ತು, ಹೊಟ್ಟೆಯಲ್ಲಿ ಹುಣ್ಣಾಗಿತ್ತು. ಹೊಸ ಹಾರ್ಮೋನ್ ಸಿಕ್ಕಿತೆಂದು ಹಿಗ್ಗಿದರು. ಆದರೆ ಬೇರೆ ಅಂಗಗಳ ಸಾರ ಚುಚ್ಚಿದರೂ ಅದೇ ಮೂರು ಬದಲಾವಣೆ. ಕೊನೆಗೆ ಫಾರ್ಮಲಿನ್ ಚುಚ್ಚಿದರೂ ಅದೇ. ಚಳಿಯಲ್ಲಿ ಇಟ್ಟರೂ, ಸುಸ್ತಾಗುವಷ್ಟು ಓಡಿಸಿದರೂ ಅದೇ. ಹಾರ್ಮೋನಿನ ಆಸೆ ಮಣ್ಣುಪಾಲಾಯಿತು, ಆದರೆ ಪ್ರಾಗ್‌ನ ಆ ಹಳೆಯ ಪ್ರಶ್ನೆಗೆ ಉತ್ತರ ಸಿಕ್ಕಿತು. ಪೀಡೆ ಯಾವುದೇ ಇರಲಿ, ದೇಹ ಒಂದೇ ಬಗೆಯಲ್ಲಿ ಪ್ರತಿಕ್ರಿಯಿಸುತ್ತದೆ. 1936ರ ಜುಲೈಯಲ್ಲಿ 'ನೇಚರ್' ಪತ್ರಿಕೆಯಲ್ಲಿ ಅವರ ಪುಟ್ಟ ಟಿಪ್ಪಣಿ ಬಂತು. ಮೊದಲು ಎಚ್ಚರದ ಗಂಟೆ, ಆಮೇಲೆ ತಡೆದುಕೊಳ್ಳುವ ಹಂತ, ಭಾರ ಇಳಿಯದಿದ್ದರೆ ಕೊನೆಗೆ ಬಸವಳಿಯುವ ಹಂತ. ಇದಕ್ಕೆ ಲೋಹಶಾಸ್ತ್ರ, ಎಂಜಿನಿಯರಿಂಗ್‌ಗಳಲ್ಲಿದ್ದ ಸ್ಟ್ರೆಸ್ ಎಂಬ ಪದವನ್ನು ಅವರು ಆರಿಸಿಕೊಂಡರು. ಕನ್ನಡದಲ್ಲಿ ಅದು ಒತ್ತಡವಾಯಿತು.

ಮುಂದಿನ ದಶಕಗಳ ಸಂಶೋಧನೆ ಇದಕ್ಕೆ ವಿವರಗಳನ್ನು ತುಂಬಿತು. ಅಡ್ರಿನಲಿನ್ ಕ್ಷಣಗಳಲ್ಲಿ ಕೆಲಸ ಮಾಡಿದರೆ, ಅದರ ಬೆನ್ನಿಗೆ ಅದೇ ಗ್ರಂಥಿಯಿಂದ ಕಾರ್ಟಿಸಾಲ್ ಎಂಬ ಇನ್ನೊಂದು ರಸ ನಿಧಾನವಾಗಿ ಏರುತ್ತದೆ. ಅಪಾಯ ಮುಗಿದ ಮೇಲೆ ಇಳಿಯಬೇಕು. ಇಳಿಯದೆ ತಿಂಗಳುಗಟ್ಟಲೆ ನಿಂತರೆ ರಕ್ತದೊತ್ತಡ ಮತ್ತು ಸಕ್ಕರೆ ಏರುತ್ತವೆ, ನಿದ್ದೆ ಕೆಡುತ್ತದೆ, ಸೋಂಕು ಬೇಗ ತಗಲುತ್ತದೆ. ನೆನಪಿಗೆ ಆಧಾರವಾದ ಹಿಪೊಕ್ಯಾಂಪಸ್ ಎಂಬ ಮಿದುಳಿನ ಭಾಗವೂ ಈ ರಸಕ್ಕೆ ಸ್ಪಂದಿಸುತ್ತದೆ ಎಂದು ಬ್ರೂಸ್ ಮೆಕ್‌ಯೂವನ್ 1968ರಲ್ಲಿ ಇಲಿಗಳಲ್ಲಿ ತೋರಿಸಿದರು. ತುಂಬ ಚಿಂತೆಯಲ್ಲಿದ್ದಾಗ ಬೀಗದ ಕೈ ಎಲ್ಲಿಟ್ಟೆವೆಂದು ಮರೆಯುವುದು, ಓದಿದ ಸಾಲನ್ನೇ ಮತ್ತೆ ಓದುವುದು ಸೋಮಾರಿತನವಲ್ಲ. ಮಿದುಳೂ ಭಾರ ಹೊತ್ತಿರುತ್ತದೆ.

ಆದರೆ ಸೆಲ್ಯೆ ಅವರ ವಿಚಾರದಲ್ಲೊಂದು ಬಿರುಕಿತ್ತು. ಎಲ್ಲ ಪೀಡೆಯೂ ಒಂದೇ ಎಂದ ಮೇಲೆ, ಪೀಡೆ ಎಲ್ಲಿಂದ ಬಂತು ಎಂದು ಕೇಳುವ ಅಗತ್ಯ ಕಡಿಮೆಯಾಗುತ್ತದೆ. ಒತ್ತಡ ಬದುಕಿನ ಉಪ್ಪು, ಅದನ್ನು ನಿಭಾಯಿಸಲು ಕಲಿಯಬೇಕು, ಅಷ್ಟೆ. ಈ ಬಿರುಕನ್ನು ಮೊದಲು ಗುರುತಿಸಿದವರಲ್ಲಿ ಸಿಗರೇಟು ಕಂಪನಿಗಳಿದ್ದವು. 1990ರ ದಶಕದಲ್ಲಿ ಅಮೆರಿಕದ ನ್ಯಾಯಾಲಯಗಳ ಮೊಕದ್ದಮೆಗಳಿಂದಾಗಿ ಆ ಕಂಪನಿಗಳ ಒಳಗಿನ ಕಾಗದಪತ್ರಗಳು ಬಯಲಾದವು. ಸೆಲ್ಯೆ ಅವರ ಸಂಶೋಧನೆಗೆ ತಂಬಾಕು ಉದ್ಯಮದ ಹಣ ಸಂದಿದ್ದು ಅವುಗಳಿಂದ ತಿಳಿಯಿತು. 1969ರಲ್ಲಿ ಕೆನಡಾ ಸಂಸತ್ತಿನ ಸಮಿತಿಯ ಮುಂದೆ ಅವರು, ಸಿಗರೇಟು ಕೆಲವರಿಗೆ ಒತ್ತಡ ಕಳೆಯುವ ದಾರಿಯಾಗಬಹುದು ಎಂಬ ಧಾಟಿಯಲ್ಲಿ ಸಾಕ್ಷಿ ಹೇಳಿದ್ದರು. ಎದೆರೋಗಕ್ಕೆ ಕಾರಣ ಒತ್ತಡ, ಒತ್ತಡಕ್ಕೆ ಮದ್ದು ಸಿಗರೇಟು! ಒತ್ತಡದ ಕಾರಣವನ್ನು ಮುಟ್ಟದೆ ಉಪಶಮನ ಮಾರುವ ವ್ಯಾಪಾರಕ್ಕೆ ಇದೊಂದು ಹಳೆಯ ಉದಾಹರಣೆ. ಸೆಲ್ಯೆ ಕಂಡದ್ದು ಸುಳ್ಳಾಗಲಿಲ್ಲ, ಆದರೆ ಅದು ಯಾರ ಕೈಗೆ ಸಿಕ್ಕಿತು ಎಂಬುದೂ ಇತಿಹಾಸವೇ.

ಅದೇ ಕಾಲದಲ್ಲಿ ಇನ್ನೊಂದು ನಂಬಿಕೆ ಬೇರು ಬಿಟ್ಟಿತ್ತು: ಒತ್ತಡ ದೊಡ್ಡವರ ಕಾಯಿಲೆ. ಹಗಲಿರುಳು ನಿರ್ಧಾರ ತೆಗೆದುಕೊಳ್ಳುವ ಸಾಹೇಬರಿಗೆ ಹೃದಯಾಘಾತ, ಫೈಲು ಹೊತ್ತು ತಿರುಗುವ ಜವಾನನಿಗೆ ನೆಮ್ಮದಿಯ ನಿದ್ದೆ. 1958ರಲ್ಲಿ ಅಮೆರಿಕದ ಜೋಸೆಫ್ ಬ್ರೇಡಿ ಮಂಗಗಳ ಮೇಲೆ ಮಾಡಿದ ಪ್ರಯೋಗ ಇದನ್ನು ಸಮರ್ಥಿಸುವಂತಿತ್ತು. ಜೋಡಿ ಮಂಗಗಳಿಗೆ ವಿದ್ಯುತ್ ಆಘಾತ. ಒಂದರ ಕೈಗೆ ಮಾತ್ರ ಅದನ್ನು ತಪ್ಪಿಸುವ ಸನ್ನೆ. ಸನ್ನೆ ಹಿಡಿದ 'ಅಧಿಕಾರಿ' ಮಂಗಗಳಿಗೆ ಹೊಟ್ಟೆಹುಣ್ಣಾಯಿತು, ಜೊತೆಗಿದ್ದವು ಚೆನ್ನಾಗಿದ್ದವು. ಪತ್ರಿಕೆಗಳಿಗೆ ಹಬ್ಬ. ಆದರೆ ಮಂಗಗಳನ್ನು ವಿಂಗಡಿಸುವಾಗ, ಬೇಗ ಸನ್ನೆ ಒತ್ತಲು ಕಲಿತವನ್ನೇ, ಎಂದರೆ ಮೊದಲೇ ಹೆಚ್ಚು ಚಡಪಡಿಕೆ ಇದ್ದಿರಬಹುದಾದವನ್ನೇ, ಅಧಿಕಾರಿಗಳಾಗಿ ಆರಿಸಿದ್ದರು. ಆ ಬಳಿಕ ಜೇ ವೈಸ್ ಎಂಬ ವಿಜ್ಞಾನಿ ಇಲಿಗಳನ್ನು ಚೀಟಿ ಎತ್ತಿದ ಹಾಗೆ ವಿಂಗಡಿಸಿ ನೋಡಿದಾಗ ಫಲಿತಾಂಶ ತಿರುಗಿತು. ಅಷ್ಟೇ ಆಘಾತ ತಿಂದರೂ, ಏನಾದರೂ ಮಾಡಲು ಆಗುತ್ತಿದ್ದ ಇಲಿಗಳಿಗೆ ಹುಣ್ಣು ಕಡಿಮೆ. ಏನೂ ಮಾಡಲಾಗದೆ ಅನುಭವಿಸಿದವಕ್ಕೆ ಹೆಚ್ಚು. ಬಲೂನಿನ ಬುಟ್ಟಿಯಲ್ಲಿ ರಿವರ್ಸ್ ಕಂಡದ್ದೇ ಇಲ್ಲಿಯೂ ಕಂಡಿತು.

ಮನುಷ್ಯರ ಮಾತೇನು? ಅದಕ್ಕೆ ಉತ್ತರ ಸಿಕ್ಕಿದ್ದು ಲಂಡನ್ನಿನ ವೈಟ್‌ಹಾಲ್ ಬೀದಿಯ ಸರ್ಕಾರಿ ಕಚೇರಿಗಳಲ್ಲಿ. 1967ರಿಂದ ಅಲ್ಲಿನ 17,000ಕ್ಕೂ ಹೆಚ್ಚು ಗಂಡಸು ನೌಕರರ ಆರೋಗ್ಯವನ್ನು ವರ್ಷಗಟ್ಟಲೆ ಗಮನಿಸಿದರು. ಎಲ್ಲರಿಗೂ ಖಾಯಂ ನೌಕರಿ, ಎಲ್ಲರಿಗೂ ಸರ್ಕಾರದ ಉಚಿತ ವೈದ್ಯಸೇವೆ. ಹೃದ್ರೋಗದಿಂದ ಹೆಚ್ಚು ಸಾಯಬೇಕಾದವರು ಮೇಲಧಿಕಾರಿಗಳಲ್ಲವೇ? ಮೈಕಲ್ ಮಾರ್ಮಟ್ ಮತ್ತು ಸಂಗಡಿಗರು ಲೆಕ್ಕ ತೆಗೆದಾಗ, ತೀರ ಕೆಳದರ್ಜೆಯ ಜವಾನ, ದ್ವಾರಪಾಲಕರಲ್ಲಿ ಹೃದ್ರೋಗದ ಸಾವು ಮೇಲಿನ ದರ್ಜೆಯವರಿಗಿಂತ ಸುಮಾರು ಮೂರು ಪಟ್ಟು ಹೆಚ್ಚಿತ್ತು. ಅದೂ ಮೆಟ್ಟಿಲಿನಂತೆ: ಪ್ರತಿ ದರ್ಜೆಯವರೂ ತಮಗಿಂತ ಮೇಲಿನವರಿಗಿಂತ ಹೆಚ್ಚು, ಕೆಳಗಿನವರಿಗಿಂತ ಕಡಿಮೆ. ಕೆಳಗಿನವರು ಬೀಡಿ ಸಿಗರೇಟು ಸೇದುತ್ತಾರೆ, ಅದಕ್ಕೇ ಹೀಗೆ ಎನ್ನೋಣವೆಂದರೆ, ಧೂಮಪಾನ, ರಕ್ತದೊತ್ತಡ, ಕೊಬ್ಬು ಎಲ್ಲ ಸೇರಿಸಿದರೂ ಈ ಅಂತರದ ಅರ್ಧವೂ ವಿವರಿಸಲಾಗಲಿಲ್ಲ.

1985ರಲ್ಲಿ 10,000ಕ್ಕೂ ಹೆಚ್ಚು ಗಂಡಸರು, ಹೆಂಗಸರನ್ನು ಸೇರಿಸಿ ಎರಡನೆಯ ಅಧ್ಯಯನ ಶುರುವಾಯಿತು. ಅಲ್ಲಿ ಒಂದು ಎಳೆ ಕೈಗೆ ಸಿಕ್ಕಿತು. ತನ್ನ ಕೆಲಸವನ್ನು ಯಾವಾಗ, ಹೇಗೆ ಮಾಡಬೇಕು ಎಂಬುದರಲ್ಲಿ ತನ್ನ ಮಾತು ನಡೆಯದವರಲ್ಲಿ ಹೃದ್ರೋಗ ಹೆಚ್ಚು. ಕೆಲಸ ಬಹಳ ಇರುವುದು ಒಂದು ಕಷ್ಟ. ಬಹಳ ಕೆಲಸವಿದ್ದು, ಅದರ ಮೇಲೆ ಯಾವ ಹಿಡಿತವೂ ಇಲ್ಲದಿರುವುದು ಬೇರೆಯದೇ ಕಷ್ಟ. ಸಾಹೇಬರು ಸಭೆಯನ್ನು ನಾಳೆಗೆ ಮುಂದೂಡಬಲ್ಲರು. ಜವಾನನ ಮನೆಯಲ್ಲಿ ಮಗುವಿಗೆ ಜ್ವರವಿದ್ದರೂ ಅವನು ಗಂಟೆ ಬಾರಿಸಿದಾಗ ಎದ್ದು ನಿಲ್ಲಬೇಕು. ಅವನ ಅಡ್ರಿನಲ್ ಗ್ರಂಥಿ ದಿನವಿಡೀ ಕಂದಕದಲ್ಲಿ ಕೂತಿರುತ್ತದೆ.

ಹಾಗಾದರೆ ಒಬ್ಬೊಬ್ಬರು ತಾವಾಗಿ ಮಾಡಿಕೊಳ್ಳಬಹುದಾದ್ದು ಏನೂ ಇಲ್ಲವೇ? ಇದೆ. ರಿಚರ್ಡ್ ಲಾಜರಸ್ ಮತ್ತು ಸೂಸನ್ ಫೋಕ್‌ಮನ್ 1984ರಲ್ಲಿ ಬರೆದ ಪುಸ್ತಕ ನಿಭಾಯಿಸುವ ದಾರಿಗಳನ್ನು ಎರಡಾಗಿ ವಿಂಗಡಿಸಿತು. ಕಷ್ಟದ ಕಾರಣವನ್ನೇ ಬದಲಿಸಲು ಯತ್ನಿಸುವುದು ಒಂದು. ಕಾರಣ ಬದಲಾಗದಿದ್ದಾಗ ಅದು ಎಬ್ಬಿಸುವ ಸಂಕಟವನ್ನು ತಗ್ಗಿಸಿಕೊಳ್ಳುವುದು ಇನ್ನೊಂದು. ಸಾಲಗಾರನ ಬಳಿ ಹೋಗಿ ಕಂತಿನ ಮಾತಾಡುವುದು ಮೊದಲನೆಯದು. ಸಂಜೆ ನಾಲ್ಕು ಸುತ್ತು ನಡೆದು ಬರುವುದು, ಭಜನೆಗೆ ಕೂರುವುದು, ಗೆಳತಿಯ ಮುಂದೆ ಅತ್ತು ಹಗುರಾಗುವುದು ಎರಡನೆಯದು. ಸತ್ತವರನ್ನು ತರಲಾಗದು, ಅಲ್ಲಿ ಎರಡನೆಯದೇ ಗತಿ. ಆದರೆ ಬದಲಿಸಬಹುದಾದ ಕಡೆಯೂ ಎರಡನೆಯದನ್ನೇ ಹೇಳುತ್ತ ಕೂತರೆ ಅದು ಮೋಸ. ದಿನಕ್ಕೆ ಹದಿನಾಲ್ಕು ಗಂಟೆ ದುಡಿಸಿಕೊಂಡು ತಿಂಗಳಿಗೊಮ್ಮೆ ಧ್ಯಾನದ ಶಿಬಿರ ಇಡುವ ಕಚೇರಿ ಆ ಸಿಗರೇಟು ಕಂಪನಿಯ ದಾರಿಯಲ್ಲೇ ನಡೆದಿದೆ. ಧ್ಯಾನ ಒಳ್ಳೆಯದೇ. ಗಂಟೆಗಳ ಮಾತನ್ನು ಅದು ಮುಚ್ಚಿಹಾಕಬಾರದು.

ನಮ್ಮ ದೇಶದಲ್ಲಿಯೂ ಈ ಎರಡು ಪ್ರಶ್ನೆಗಳ ಜಗಳ ನಡೆದಿದೆ. 1984ರ ಡಿಸೆಂಬರಿನಲ್ಲಿ ಭೋಪಾಲದಲ್ಲಿ ವಿಷಾನಿಲ ಸೋರಿ ಸಾವಿರಾರು ಜನ ಸತ್ತರು. ಬದುಕುಳಿದವರು ಉಸಿರಾಟದ ತೊಂದರೆಯ ಜೊತೆಗೆ ನಿದ್ದೆಯಿಲ್ಲ, ಭಯ ಹೋಗುತ್ತಿಲ್ಲ, ಕೆಲಸ ಮಾಡಲಾಗುತ್ತಿಲ್ಲ ಎಂದು ಆಸ್ಪತ್ರೆಗೆ ಬರುತ್ತಿದ್ದರು. ಪರಿಹಾರದ ಹಣದಾಸೆಗೆ ಹೀಗೆ ಹೇಳುತ್ತಾರೆ ಎಂಬ ಮಾತು ಅಲ್ಲಿಯೂ ಹುಟ್ಟಿತು. ಆಗ ಬೆಂಗಳೂರಿನ ನಿಮ್ಹಾನ್ಸ್‌ನ ಡಾ. ಆರ್. ಶ್ರೀನಿವಾಸ ಮೂರ್ತಿ ಮತ್ತಿತರ ಮನೋವೈದ್ಯರು ಭೋಪಾಲಕ್ಕೆ ಹೋಗಿ ಕೆಲಸ ಮಾಡಿದರು. ಅಲ್ಲಿನ ಸಾಮಾನ್ಯ ವೈದ್ಯಾಧಿಕಾರಿಗಳಿಗೆ, ಇಂಥ ದುರಂತ ಮನಸ್ಸಿಗೆ ಏನು ಮಾಡುತ್ತದೆ, ರೋಗಿಯ ಮಾತನ್ನು ಹೇಗೆ ಕೇಳಬೇಕು ಎಂಬ ತರಬೇತಿ ಕೊಟ್ಟು, ಕೈಪಿಡಿಯನ್ನೂ ರೂಪಿಸಿದರು. ತೋಡರ ಮುಂದೆ ಕೂತು ರಿವರ್ಸ್ ಕಲಿತ ಕೇಳುವ ವಿದ್ಯೆಯೇ ಭೋಪಾಲದ ಹೊರರೋಗಿ ವಿಭಾಗದಲ್ಲೂ ಬೇಕಾಗಿತ್ತು.

ಇನ್ನೊಂದು ಬದಲಾವಣೆ ಕಾನೂನಿನ ಪುಸ್ತಕದಲ್ಲಿ ಆಯಿತು. ಬ್ರಿಟಿಷರು ಬಿಟ್ಟುಹೋದ ಭಾರತೀಯ ದಂಡಸಂಹಿತೆಯ 309ನೇ ಕಲಂ ಆತ್ಮಹತ್ಯೆಗೆ ಯತ್ನಿಸಿ ಉಳಿದವರನ್ನು ಅಪರಾಧಿಗಳೆನ್ನುತ್ತಿತ್ತು. ಆಸ್ಪತ್ರೆಯ ಹಾಸಿಗೆಯ ಪಕ್ಕದಲ್ಲೇ ಪೊಲೀಸರು ಹೇಳಿಕೆ ಬರೆದುಕೊಳ್ಳುತ್ತಿದ್ದರು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಂ ಇದನ್ನು ತಿರುಗಿಸಿತು. ಹಾಗೆ ಯತ್ನಿಸಿದ ವ್ಯಕ್ತಿ ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಬೇರೆ ರೀತಿ ಸಾಬೀತಾಗದ ಹೊರತು ಶಿಕ್ಷಿಸಕೂಡದು ಎಂದಿತು. ಅಷ್ಟಕ್ಕೇ ನಿಲ್ಲದೆ, ಅವರಿಗೆ ಆರೈಕೆ, ಚಿಕಿತ್ಸೆ, ಪುನರ್ವಸತಿ ಒದಗಿಸುವುದು ಸರ್ಕಾರದ ಕರ್ತವ್ಯ ಎಂದೂ ಬರೆಯಿತು. 2022ರಲ್ಲಿ ನಿಮ್ಹಾನ್ಸ್‌ನ ಮುಂದಾಳತ್ವದಲ್ಲಿ ಟೆಲಿ ಮಾನಸ್ ಸಹಾಯವಾಣಿ ಬಂತು. 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲಿಯೂ ಮಾತಾಡಬಹುದು. ಕಾಯ್ದೆ ಬಂದ ಮಾತ್ರಕ್ಕೆ ಮನೆಯ ಮಾತು ಬದಲಾಗುವುದಿಲ್ಲ ನಿಜ. ಆದರೂ ಸೆಲ್ಯೆ ತಂದ ಆ ಪದ, ಒಬ್ಬ ಮನುಷ್ಯನನ್ನು ಕಟಕಟೆಯಿಂದ ಇಳಿಸಿ ಆಸ್ಪತ್ರೆಗೆ ಕಳಿಸುವ ಪದವಾಗಿ ನಮ್ಮ ಕಾನೂನಿನಲ್ಲಿ ಕೂತಿದೆ.

ಹ್ಯಾರಿ ಫಾರ್‌ನ ಕತೆಗೆ ಒಂದು ಕೊನೆಯಿದೆ. ಅವನ ಹೆಂಡತಿಗೆ ಪಿಂಚಣಿ ನಿಂತಿತು. ಗಂಡ ಹೇಗೆ ಸತ್ತನೆಂಬುದನ್ನು ಅವಳು ಎಷ್ಟೋ ವರ್ಷ ಯಾರಿಗೂ, ಮಗಳಿಗೂ ಹೇಳಲಿಲ್ಲ. ಗುಂಡು ತಿಂದವನು ಒಬ್ಬ, ಬಾಯಿ ಕಟ್ಟಿಕೊಂಡು ದಶಕಗಳ ಕಾಲ ಆ ಭಾರ ಹೊತ್ತವಳು ಇನ್ನೊಬ್ಬಳು. ಅವಳ ಒತ್ತಡಕ್ಕೆ ಯಾವ ಆಸ್ಪತ್ರೆಯಲ್ಲೂ ಹೆಸರಿರಲಿಲ್ಲ. ವಿಷಯ ತಿಳಿದ ಮೇಲೆ ಮಗಳು ಸುಮ್ಮನಿರಲಿಲ್ಲ, ತಂದೆಯ ಹೆಸರಿಗಾಗಿ ಹೋರಾಡಿದಳು. 2006ರಲ್ಲಿ ಬ್ರಿಟಿಷ್ ಸರ್ಕಾರ ಹ್ಯಾರಿ ಫಾರ್ ಸೇರಿದಂತೆ ಹಾಗೆ ಕೊಲ್ಲಲ್ಪಟ್ಟ 306 ಸೈನಿಕರಿಗೆ ಕ್ಷಮಾದಾನ ಘೋಷಿಸಿತು. ಆಗ ಆ ಮಗಳಿಗೆ 93 ವರ್ಷ.

ಅಷ್ಟು ಕಾಯಬೇಕಾದ ಅಗತ್ಯವಿರಲಿಲ್ಲ. 1915ರಲ್ಲಿ ಆ ಕಾಗದ ಬರೆದುಕೊಟ್ಟ ನರ್ಸ್‌ಗೆ ಎಲ್ಲವೂ ಗೊತ್ತಿತ್ತು. ಅವಳು ಅಡ್ರಿನಲಿನ್ ಬಗ್ಗೆ ಓದಿದವಳೋ ಅಲ್ಲವೋ, ನಡುಗುವ ಕೈ ಸುಳ್ಳು ಹೇಳುವುದಿಲ್ಲ ಎಂದು ಒಪ್ಪಿಕೊಂಡು ಪೆನ್ನು ತಾನೇ ಹಿಡಿದಳು. ನಮ್ಮ ಮನೆಯಲ್ಲಿ, ಕಚೇರಿಯಲ್ಲಿ, ತರಗತಿಯಲ್ಲಿ ಯಾರಾದರೂ ಹಾಗೆ ಕುಸಿದು ಕೂತಾಗ "ಮನಸ್ಸು ಗಟ್ಟಿ ಮಾಡ್ಕೋ" ಎಂಬ ಮಾತು ತುಟಿಯವರೆಗೆ ಬರುತ್ತದೆ. ಅದನ್ನು ಅಲ್ಲೇ ತಡೆದು, ಪಕ್ಕದಲ್ಲಿ ಕೂತು, "ಏನಾಯ್ತು, ಹೇಳು" ಎನ್ನುವುದು ಅಂಥ ಕಷ್ಟದ ಕೆಲಸವೇನಲ್ಲ.